ತಂತಿಯಲ್ಲಿ ಆ ಕರೆಂಟ್ ಈಗಿಲ್ಲ

ಹಳೇ ರೈಲು ಅಂದ ಕೂಡಲೇ ಎಲ್ಲರೂ ಹೊಗೆ, ಕಲ್ಲಿದ್ದಲು, ಕೂ ಅನ್ನೋ ಸೀಟಿ ಅಂತ ಶುರು ಮಾಡುತ್ತಾರೆ. ಸ್ಟೀಮ್ ಇಂಜಿನ್ನಿಗೆ ಅಭಿಮಾನಿಗಳ ಬರ ಇಲ್ಲ. ನನಗೆ ಹುಚ್ಚು ಹತ್ತಿಸಿದ್ದು ಮಾತ್ರ ಮುಂಬೈ ಕಡೆಯ ಹಳೇ ಡಿಸಿ ಎಲೆಕ್ಟ್ರಿಕ್ ಇಂಜಿನ್ನುಗಳು, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನವು, 1500 ವೋಲ್ಟಿನ ಕಾಲದವು. ಇದನ್ನು ಹೇಳಿದರೆ ಮನೆಯಲ್ಲೇ ನಗುತ್ತಾರೆ. "ಕರೆಂಟ್ ಇಂಜಿನ್ನಿನಲ್ಲಿ ನೋಡೋಕೆ ಏನಿದೆ?" ಅಂತ. ನೋಡೋಕೆ ಕಮ್ಮಿ, ಒಪ್ಪಿಕೊಳ್ಳುತ್ತೇನೆ. ಕೇಳೋಕೆ ಬೇಕಾದಷ್ಟಿತ್ತು.

ನಮ್ಮ ಕಡೆ ಆಗ ಎಲ್ಲೆಲ್ಲೂ ಡೀಸೆಲ್ಲೇ. ರಜೆಯಲ್ಲಿ ಡೊಂಬಿವಲಿಯ ಚಿಕ್ಕಪ್ಪನ ಮನೆಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗುವಾಗ ಪುಣೆ ಬಂತೆಂದರೆ ನಾನು ಸೀಟಿನಲ್ಲಿ ಇರುತ್ತಿರಲಿಲ್ಲ. ಅಲ್ಲಿ ಡೀಸೆಲ್ ಕಳಚಿ ಡಿಸಿ ಇಂಜಿನ್ ಜೋಡಿಸುತ್ತಿದ್ದರು. ಅಪ್ಪ ನೀರು ತುಂಬಿಸಲು ಇಳಿದರೆ ನಾನು ಪ್ಲಾಟ್‌ಫಾರ್ಮಿನ ತುದಿಗೆ ಓಟ.

ಅಸಲಿ ಮಜಾ ಇದ್ದಿದ್ದು ವಾಪಸ್ ಬರುವಾಗ. ಕರ್ಜತ್‌ನಿಂದ ಲೋಣಾವಳಕ್ಕೆ ಭೋರ್ ಘಾಟ್ ಹತ್ತಬೇಕು. 37 ಅಡಿ ಮುಂದೆ ಹೋದರೆ ಒಂದಡಿ ಮೇಲೆ. ರೈಲಿನ ಮಟ್ಟಿಗೆ ಇದು ಭಾರಿ ಏರು. ಅದಕ್ಕೇ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಸೇರಿಸುತ್ತಾರೆ. ಎಲ್ಲರೂ ವಡಾಪಾವ್ ಕಡೆ ಓಡಿದರೆ ನಾನು ಕೊನೆಯ ಬೋಗಿ ಕಡೆ.

ಡಿಸಿ ಮೋಟಾರಿಗೆ ಹೊರಡುವಾಗಲೇ ಪೂರ್ತಿ ಕರೆಂಟ್ ಬಿಟ್ಟರೆ ಅದು ಸುಟ್ಟು ಕೂರುತ್ತದೆ. ಹಾಗಾಗಿ ಮಧ್ಯೆ ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟೆನ್ಸ್ ಇಟ್ಟಿರುತ್ತಾರೆ. ಡ್ರೈವರ್ ಹ್ಯಾಂಡಲನ್ನು ಒಂದೊಂದೇ ನಾಚ್, ಅಂದರೆ ಒಂದೊಂದೇ ಹಂತ ಮುಂದೆ ಒಯ್ದಂತೆ ರೆಸಿಸ್ಟೆನ್ಸ್ ಸ್ವಲ್ಪಸ್ವಲ್ಪವೇ ಕಡಿಮೆಯಾಗುತ್ತದೆ. ಮೊದಲು ಮೋಟಾರುಗಳೆಲ್ಲ ಸೀರೀಸ್‌ನಲ್ಲಿ (ಒಂದರ ಹಿಂದೊಂದು), ವೇಗ ಸಿಕ್ಕ ಮೇಲೆ ಪ್ಯಾರಲಲ್‌ನಲ್ಲಿ (ಅಕ್ಕಪಕ್ಕ). ಒಂದೊಂದು ನಾಚಿಗೂ ಒಳಗೆ ಕಾಂಟ್ಯಾಕ್ಟರ್ ಅನ್ನೋ ದೊಡ್ಡ ಸ್ವಿಚ್ ಠಕ್ ಅನ್ನುತ್ತದೆ, ಬೋಗಿಗೆ ಸಣ್ಣದೊಂದು ಜಗ್ಗು. ಅದರ ಹಿಂದೆಯೇ ರೆಸಿಸ್ಟೆನ್ಸ್ ತಣಿಸುವ ಬ್ಲೋವರ್‌ಗಳ ಭೋರಾಟ. ಕಣ್ಣು ಮುಚ್ಚಿ ಕೂತರೂ ಡ್ರೈವರ್ ಏನು ಮಾಡುತ್ತಿದ್ದಾರೆ ಅಂತ ತಿಳಿಯುತ್ತಿತ್ತು. ಇವರು ಅವಸರದವರು, ಇವರು ನಾಜೂಕಿನವರು ಅಂತಲೂ ಗೊತ್ತಾಗಿಬಿಡುತ್ತಿತ್ತು. ಈಗಿನ ಇಂಜಿನ್ನುಗಳು ಜಗ್ಗದೆ, ಕುಲುಕದೆ ಹೊರಡುತ್ತವೆ. ಪ್ರಯಾಣಿಕರಿಗೆ ಒಳ್ಳೆಯದೇ. ನನ್ನಂಥವರಿಗೆ ಸಪ್ಪೆ.

ಇವುಗಳ ಅಜ್ಜ ಅಂದರೆ ಡಬ್ಲ್ಯೂಸಿಜಿ-1. 1928ರಿಂದ ಬಂದ ಗೂಡ್ಸ್ ಇಂಜಿನ್. ಮೊದಲ ಕೆಲವು ಸ್ವಿಟ್ಜರ್ಲೆಂಡಿನಲ್ಲಿ, ಉಳಿದವು ಇಂಗ್ಲೆಂಡಿನ ವಲ್ಕನ್ ಫೌಂಡ್ರಿಯಲ್ಲಿ ತಯಾರಾದವು. ರೈಲ್ವೆಯವರ ಬಾಯಲ್ಲಿ ಅದು ಖೇಕಡಾ, ಅಂದರೆ ಏಡಿ. ಮೇಲೆ ತಂತಿಯಿಂದ ಕರೆಂಟ್ ಎಳೆಯುವ ಪ್ಯಾಂಟೋಗ್ರಾಫ್, ಕೆಳಗೆ ನೋಡಿದರೆ ಸ್ಟೀಮ್ ಇಂಜಿನ್ನಿನ ಹಾಗೆ ಚಕ್ರದಿಂದ ಚಕ್ರಕ್ಕೆ ಕಬ್ಬಿಣದ ರಾಡು! ಘಾಟಿನ ತಿರುವಿಗೆ ಬಾಗಲಿ ಅಂತ ಮೈಯನ್ನೂ ತುಂಡು ತುಂಡಾಗಿ ಜೋಡಿಸಿದ್ದರು. ನಿಂತಲ್ಲೇ ನರಳುತ್ತಿತ್ತು, ಓಡುವಾಗ ರಾಡು ಸರಕ್ ಸರಕ್ ಅನ್ನುತ್ತಿತ್ತು ಅಂತ ಕೇಳಿದವರು ಹೇಳುತ್ತಾರೆ. ಕೊನೆಕೊನೆಗೆ ಮುಂಬೈನ ವಿಟಿ ಸ್ಟೇಷನ್ನಿನಲ್ಲಿ (ಈಗಿನ ಸಿಎಸ್‌ಎಂಟಿ) ಬೋಗಿಗಳನ್ನು ಅತ್ತಿತ್ತ ಎಳೆದಾಡುವ ಶಂಟಿಂಗ್ ಕೆಲಸಕ್ಕೆ ಇಳಿದಿತ್ತು. 1961ರಲ್ಲಿ ಚಿತ್ತರಂಜನ್‌ನಲ್ಲಿ ನಮ್ಮವರೇ ಕಟ್ಟಿದ ಮೊದಲ ಎಲೆಕ್ಟ್ರಿಕ್ ಇಂಜಿನ್ 'ಲೋಕಮಾನ್ಯ' ಕೂಡ ಡಿಸಿಯದೇ. ಅದಕ್ಕೆ ಚಾಲನೆ ಕೊಟ್ಟಿದ್ದು ನೆಹರೂ.

ಡಿಸಿ ಯಾಕೆ ಹೋಯಿತು ಅನ್ನುವುದಕ್ಕೆ ಕಾರಣ ಸರಿಯಾಗಿಯೇ ಇದೆ. ವೋಲ್ಟೇಜ್ ಕಡಿಮೆ, ಆದ್ದರಿಂದ ಕರೆಂಟ್ ಜಾಸ್ತಿ ಹರಿಯಬೇಕು. ದಪ್ಪ ತಂತಿ ಬೇಕು, ಹತ್ತಿರಹತ್ತಿರ ಸಬ್‌ಸ್ಟೇಷನ್ ಬೇಕು. 25,000 ವೋಲ್ಟ್ ಎಸಿಗೆ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿಗೆ, ಈ ತಾಪತ್ರಯ ಕಮ್ಮಿ. ಹಾಗಾಗಿ ಮುಂಬೈನ ಲೈನುಗಳು ಒಂದೊಂದಾಗಿ ಎಸಿಗೆ ತಿರುಗಿದವು. ದೇಶದ ಮೊದಲ ಎಲೆಕ್ಟ್ರಿಕ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ವಿಟಿಯಿಂದ ಕುರ್ಲಾಕ್ಕೆ, ಹಾರ್ಬರ್ ಲೈನಿನಲ್ಲಿ. ಉದ್ಘಾಟಿಸಿದ ಗವರ್ನರ್ ಸರ್ ಲೆಸ್ಲಿ ವಿಲ್ಸನ್ ಹೆಸರನ್ನು ಆಮೇಲೆ ಒಂದು ಖೇಕಡಾಕ್ಕೇ ಇಟ್ಟರು. ಕೊನೆಯ ಡಿಸಿ ಲೋಕಲ್ ಹೊರಟಿದ್ದು 2016ರ ಏಪ್ರಿಲ್ 9ರ ರಾತ್ರಿ, ಕುರ್ಲಾದಿಂದ ವಿಟಿಗೆ. ಅದೇ ಹಾರ್ಬರ್ ಲೈನು! ಬೇಕಂತಲೇ ಹೊಂದಿಸಿದ್ದಲ್ಲ, ಆದರೂ ನನಗೆ ಆ ಕಾಕತಾಳೀಯ ತುಂಬಾ ಇಷ್ಟ.

ಸ್ಟೀಮ್ ಅಭಿಮಾನಿಗಳ ಮೇಲೆ ನನಗೆ ಹೊಟ್ಟೆಕಿಚ್ಚು ಇರುವುದು ಇಲ್ಲೇ. 1855ರ ಫೇರಿ ಕ್ವೀನ್‌ಗೆ ಕಲ್ಲಿದ್ದಲು, ನೀರು ಕೊಟ್ಟು 1997ರಲ್ಲಿ ಮತ್ತೆ ಓಡಿಸಿದರು. ಅದರ ಊಟ ಎಲ್ಲಿ ಬೇಕಾದರೂ ಸಿಗುತ್ತದೆ. ಡಿಸಿ ಇಂಜಿನ್ನಿನ ಊಟ ಇದ್ದಿದ್ದು ತಂತಿಯಲ್ಲಿ, ಆ ತಂತಿಯಲ್ಲೀಗ ಹರಿಯುವುದೇ ಬೇರೆ. ದಿಲ್ಲಿಯ ರೈಲು ಮ್ಯೂಸಿಯಂನಲ್ಲಿ ಒಂದು ಖೇಕಡಾ ಇದೆ. ಬಣ್ಣ ಬಳಿದಿದ್ದಾರೆ, ರಾಡು ಮುಟ್ಟಿ ನೋಡಬಹುದು, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳಬಹುದು. ಆದರೆ ಅದರ ನಾಚಿನ ಠಕ್ ಕೇಳಬೇಕೆಂದರೆ ಯಾರೋ ಪುಣ್ಯಾತ್ಮರು ಹಿಂದೆ ರೆಕಾರ್ಡ್ ಮಾಡಿಟ್ಟಿರಬೇಕು, ಅಷ್ಟೇ. ನಮ್ಮ ಹತ್ತಿರ ಸುಮ್ನೆ ಫೋಟೋಗಳ ರಾಶಿ.

ಈಗ ಸರದಿ ಡಬ್ಲ್ಯೂಎಪಿ-4ನದು. ಎಸಿ ಇಂಜಿನ್ನೇ, ಆದರೆ ಹಳೇ ಪದ್ಧತಿಯದು. ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಒಂದೊಂದೇ ಬದಲಾಯಿಸಿಕೊಂಡು 32 ನಾಚ್ ಹತ್ತುತ್ತದೆ. 2015ಕ್ಕೇ ಅದರ ತಯಾರಿಕೆ ನಿಂತಿದೆ. ನಿಮ್ಮ ರೈಲಿಗೆ ಅದು ಸಿಕ್ಕರೆ ಇಂಜಿನ್ನಿಗೆ ಹತ್ತಿರದ ಬೋಗಿಯಲ್ಲಿ ಕೂತು, ಹೊರಡುವ ಮೊದಲೇ ಫೋನಿನ ರೆಕಾರ್ಡರ್ ಒತ್ತಿಬಿಡಿ. ಮುಂದೆ ಜನರೇಟರ್ ಬೋಗಿ ಇದ್ದರೆ ಮಾತ್ರ ಕೆಲಸ ಕೆಟ್ಟಿತು, ಅದರ ಗದ್ದಲದಲ್ಲಿ ಏನೂ ಕೇಳಿಸಲ್ಲ.