ಮಾತು ನಿಂತ ಅಪ್ಪ ಮನೆಗೆ ಬಂದ ದಿನ

ಪಾರ್ಶ್ವವಾಯು ಹೊಡೆದು ಮಾತು ನಿಂತವರನ್ನು ಆಸ್ಪತ್ರೆಯಿಂದ ಕರೆತಂದ ಮಾರನೆಯ ಬೆಳಿಗ್ಗೆ ಹೆಚ್ಚುಕಮ್ಮಿ ಎಲ್ಲ ಮನೆಗಳಲ್ಲೂ ಒಂದೇ ಥರ. "ಅಪ್ಪಾ, ಕಾಫಿ ಕೊಡ್ಲಾ? ಬೆನ್ನು ನೋಯ್ತಿದ್ಯಾ? ಫ್ಯಾನ್ ಹಾಕ್ಲಾ?" ಒಂದೇ ಉಸಿರಿಗೆ ಮೂರು ಪ್ರಶ್ನೆ, ಅದೂ ಕಿವಿ ಕೇಳದವರ ಹತ್ತಿರ ಮಾತಾಡಿದಷ್ಟು ಜೋರಾಗಿ. ಅಪ್ಪ ತಲೆ ಆಡಿಸುತ್ತಾರೆ. ಯಾವುದಕ್ಕೆ? ಕಾಫಿ ಬರುತ್ತದೆ, ಲೋಟ ತಳ್ಳುತ್ತಾರೆ. "ಸಿಟ್ಟು ಜಾಸ್ತಿಯಾಗಿದೆ" ಅಂತ ಮನೆಯವರ ತೀರ್ಮಾನ.

ಪಾರ್ಶ್ವವಾಯುವಿನಿಂದ ಹೀಗೆ ಮಾತು ಕೆಡುವುದಕ್ಕೆ ಅಫೇಸಿಯಾ ಅನ್ನುತ್ತಾರೆ. ಇದರಲ್ಲಿ ಕೆಟ್ಟಿರುವುದು ಕಿವಿಯಲ್ಲ, ಬುದ್ಧಿಯೂ ಅಲ್ಲ, ಭಾಷೆ. ಬಹುತೇಕರಲ್ಲಿ ಅದು ಮಿದುಳಿನ ಎಡಭಾಗದ ಕೆಲಸ, ಮೈಯ ಬಲಬದಿಯನ್ನು ಆಡಿಸುವುದೂ ಅದೇ, ಹಾಗಾಗಿ ಹೆಚ್ಚಾಗಿ ಬಲಗೈ ಬಲಗಾಲೂ ಸೋತಿರುತ್ತವೆ, ಕೆಲವರಿಗೆ ಬಲಬದಿಯ ನೋಟವೂ ಇರುವುದಿಲ್ಲ. ಅಂಥವರ ಎಡಕ್ಕೆ, ಅವರ ಕಣ್ಣಿನ ಎತ್ತರಕ್ಕೇ ಕೂರಬೇಕು. ಟಿವಿ ಆಫ್ ಆಗಿರಲಿ. ಪೆನ್ನು ಕೊಟ್ಟು ಬರೆಸಲು ಹೋದರೆ ಸಾಮಾನ್ಯವಾಗಿ ಅದೂ ಆಗದು, ಬರವಣಿಗೆಗೂ ಅದೇ ಏಟು ಬಿದ್ದಿರುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಒಪ್ಪಿಗೆಗೂ ನಾವು ತಲೆಯನ್ನು ಅತ್ತಿತ್ತ ಓಲಾಡಿಸುತ್ತೇವೆ. ನಾಲಿಗೆ ತೊದಲಿದರೆ 'ಹೂಂ', 'ಊಹೂಂ' ಎರಡೂ ಒಂದೇ ಥರ ಕೇಳುತ್ತವೆ. ತಲೆಯನ್ನು ಬಿಟ್ಟು ಎಡಗೈ ನೋಡಿ: ಹೆಬ್ಬೆರಳು ಎತ್ತಿದರೆ ಹೌದು, ಅಂಗೈ ಬೀಸಿದರೆ ಇಲ್ಲ. ನಂಬುವ ಮೊದಲು, ನಿಮಗೆ ಉತ್ತರ ಗೊತ್ತಿರುವ ಐದಾರು ಪ್ರಶ್ನೆ ಕೇಳಿ. ಸೊಸೆಯನ್ನು ತೋರಿಸಿ "ಇವಳು ನಿಮ್ಮ ತಂಗಿನಾ?" ಎಲ್ಲದಕ್ಕೂ ಹೆಬ್ಬೆರಳೇ ಎದ್ದರೆ ಸನ್ನೆ ಇನ್ನೂ ಕುದುರಿಲ್ಲ. ಆಗ ವಸ್ತುಗಳನ್ನೇ ಮುಂದಿಡಬೇಕು: ಒಂದು ಕಡೆ ಲೋಟ, ಒಂದು ಕಡೆ ಟವೆಲ್. ಎರಡೇ ಸಾಕು, ನಾಲ್ಕಿಟ್ಟರೆ ಗೊಂದಲ.

ಕೇಳುವುದು ದೊಡ್ಡದರಿಂದ ಸಣ್ಣದಕ್ಕೆ. "ಕುಡಿಯೋಕೆ ಏನಾದ್ರೂ ಬೇಕಾ?" ಅಂಗೈ ಬೀಸಿದರು. "ಮೈಯಲ್ಲಿ ಏನಾದ್ರೂ ತೊಂದರೆನಾ?" ಇಲ್ಲಿ ಸುಮ್ಮನಿರಬೇಕು, ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು. ಈ ಹತ್ತು ಸೆಕೆಂಡು ತಡೆಯಲಾರದೆ ನಡುವೆ ಬಾಯಿ ಹಾಕುವವರೇ ಹೆಚ್ಚು. ಹಾಗೆ ಮಾಡಿದರೆ ಅಪ್ಪ ಮೊದಲಿಂದ ಶುರುಮಾಡಬೇಕು. ಹೆಬ್ಬೆರಳು ಎದ್ದಿತು. ಕಾಲು, ಬೆನ್ನು, ಭುಜ ಒಂದೊಂದಾಗಿ ಮುಟ್ಟಿ ಕೇಳಿದರೆ ಸೋತ ಬಲಭುಜಕ್ಕೆ ಬಂದಾಗ ಹುಬ್ಬು ಗಂಟಿಕ್ಕುತ್ತದೆ. ತೋಳು ಜೋತುಬಿದ್ದು ಎಳೆಯುತ್ತಿತ್ತು, ಕೆಳಗೊಂದು ದಿಂಬು ಬೇಕಿತ್ತು. ಸಿಟ್ಟಲ್ಲ, ನೋವು.

ಸೊಟ್ಟಗಾದ ತುಟಿ ನೋಡಿ ಭಾವ ಊಹಿಸಬೇಡಿ. ಈ ಕಾಯಿಲೆಯಲ್ಲಿ ಮುಖದ ಕೆಳಭಾಗ ಜೋತರೂ ಹಣೆ, ಹುಬ್ಬು ಸಾಮಾನ್ಯವಾಗಿ ಎರಡೂ ಕಡೆ ಆಡುತ್ತವೆ. ಅರ್ಥವಾಗದೆಯೇ "ಆಯ್ತು ಆಯ್ತು" ಎನ್ನುವುದಂತೂ ಬೇಡ, ಅವರಿಗೆ ಗೊತ್ತಾಗುತ್ತದೆ. "ನಂಗೆ ತಿಳೀಲಿಲ್ಲಪ್ಪಾ, ತಿಂಡಿ ಆದ್ಮೇಲೆ ಮತ್ತೆ ಕೇಳ್ತೀನಿ" ಎಂದು ಹೇಳಿ, ನಿಜಕ್ಕೂ ಕೇಳಬೇಕು.

ಮಧ್ಯಾಹ್ನ ನೆಂಟರು ಬಂದು ಅವರೆದುರೇ "ಇವ್ರಿಗೆ ಏನಾದ್ರೂ ಗೊತ್ತಾಗುತ್ತಾ?" ಅನ್ನುತ್ತಾರೆ. "ಅವರನ್ನೇ ಕೇಳಿ" ಎಂದುಬಿಡಿ. ದಣಿದಾಗ ಬೆಳಿಗ್ಗೆ ಸರಿಯಿದ್ದ ಸನ್ನೆಯೂ ತಪ್ಪುತ್ತದೆ. ಬ್ಯಾಂಕಿನ ಹೆಬ್ಬೆಟ್ಟು, ಮಾತ್ರೆ ಬದಲಿಸುವ ಮಾತು ಏನಿದ್ದರೂ ಮರುದಿನ ಬೆಳಿಗ್ಗೆ, ತಿಂಡಿಯಾದ ಮೇಲೆ.