ಮೂರು ತೂತಿನ ಹೆಲ್ಮೆಟ್: ಕೊನೆಗೂ ಲೆಕ್ಕ ಸಿಕ್ಕಿತು

ಎರಡು ತಿಂಗಳಿಂದ ತಲೆ ತಿಂದಿದ್ದ ಮೂರು ತೂತುಗಳ ಲೆಕ್ಕ ನಿನ್ನೆ ಸಂಜೆ ಸಿಕ್ಕಿತು. ಖುಷಿಗೆ ನಿದ್ದೆ ಬರಲಿಲ್ಲ. ಬೆಳಗಾಗುವ ಮೊದಲೇ ಬರೆಯಲು ಕೂತಿದ್ದೇನೆ.

ಹೆಲ್ಮೆಟ್‌ನ ಶೆಲ್, ಅಂದರೆ ಹೊರಗಿನ ಉಕ್ಕಿನ ಚಿಪ್ಪು, ಸಿಕ್ಕಿದ್ದು ಕಲಬುರಗಿಯ ಒಂದು ಗುಜರಿ ಅಂಗಡಿಯಲ್ಲಿ, ಹಳೇ ಕೂಲರ್‌ಗಳ ರಾಶಿ ಕೆಳಗೆ. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸೈನಿಕರ ಮಾದರಿ, ಮಾರ್ಕ್ 2. ತಲೆಗೆ ಮೆತ್ತಗಿರಲು ಒಳಗೆ ಕೂರಿಸುವ ಲೈನರ್ ಇಲ್ಲ, ಗಲ್ಲದ ಪಟ್ಟಿ ಇಲ್ಲ. ಒಳಗೆಲ್ಲ ಬೆರಳು ದಪ್ಪ ಸುಣ್ಣ. "ಪೊಲೀಸ್ ಆಕ್ಷನ್ ಟೈಮಿಂದ್ ಅದ ಸರ್, ಖರೇನೇ" ಅಂದರು ಚಾಚಾ. ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೇನೆ ನುಗ್ಗಿದ 1948ರ ಸೆಪ್ಟೆಂಬರ್ ಅಂದರೆ ನಮ್ಮ ಕಡೆಯವರಿಗೆ ಮೈ ಜುಮ್ ಅನ್ನುತ್ತದೆ ಅಲ್ವಾ? ಆದರೆ ಹೆಲ್ಮೆಟ್ ಮೇಲಿನ ಮುದ್ರೆ ಅದು ಯಾವಾಗ ತಯಾರಾಯಿತು ಅಂತ ಹೇಳುತ್ತದೆ, ಯಾರ ತಲೆ ಮೇಲಿತ್ತು ಅಂತ ಹೇಳುವುದಿಲ್ಲ. ಅದಕ್ಕೆ ಆ ಮಾತನ್ನು ನನ್ನ ಸಂಗ್ರಹದ ನೋಟ್‌ಬುಕ್ಕಿಗೆ ಸೇರಿಸಿಲ್ಲ.

ಮನೆಗೆ ತಂದು ತೊಳೆದಾಗ ಅಂಚಿನಲ್ಲಿ ಮೂರು ತೂತು ಕಂಡವು, ಒಂದೇ ಕಡೆ, ಸಾಲಾಗಿ. ಹಿಂದಿನ ಅಂಚಿನಲ್ಲಿ ಮೂರು ತೂತು ಅಂದರೆ ದಕ್ಷಿಣ ಆಫ್ರಿಕಾದ ತಯಾರಿಕೆ ಅಂತ ಹೆಲ್ಮೆಟ್ ಸಂಗ್ರಹಿಸುವ ನಮಗೆಲ್ಲ ಗೊತ್ತು. ನನ್ನ ಬಳಿ ಅದು ಇಲ್ಲ. ಎದೆ ಡವಡವ ಅಂದಿತು.

ಆಮೇಲೆ ಮ್ಯಾಗ್ನೆಟ್ ಹಿಡಿದೆ. ತಲೆ ಕೂರುವ ಗುಂಡಿಯ ಭಾಗಕ್ಕೆ ಅದು ಅಂಟಲಿಲ್ಲ. ಅಂದರೆ ಮ್ಯಾಂಗನೀಸ್ ಉಕ್ಕು, ಸರಿ. 1882ರಲ್ಲಿ ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದದ್ದು ಇದೇ ಉಕ್ಕು. ಶೇಕಡಾ 12ರ ಆಸುಪಾಸು ಮ್ಯಾಂಗನೀಸ್ ಇರುವುದರಿಂದ ಮ್ಯಾಗ್ನೆಟ್‌ಗೆ ಅಂಟಲ್ಲ. ಆದರೆ ದಾರಕ್ಕೆ ಕಟ್ಟಿದ ಸಣ್ಣ ಮ್ಯಾಗ್ನೆಟ್ ಆ ಮೂರು ತೂತಿನ ಹತ್ತಿರ ಹೋದಾಗ ಮಾತ್ರ ಮೆಲ್ಲಗೆ ವಾಲುತ್ತಿತ್ತು. ನಾಲ್ಕು ಬೆರಳು ಆಚೆ ಸರಿಸಿದರೆ ನೆಟ್ಟಗೆ ನಿಲ್ಲುತ್ತಿತ್ತು. ಒಂದೇ ತಗಡು, ಎರಡು ಸ್ವಭಾವ!

ತೂತಿನೊಳಗೆ ಹಳೇ ತಂತಿ ಮುರಿದು ಕೂತಿರಬೇಕು ಅಂದುಕೊಂಡೆ. ಬಿದಿರು ಕಡ್ಡಿಯಿಂದ ಸುಣ್ಣ ಕೆರೆದೆ. ಹುಣಸೆ ನೀರು ಹಾಕಿದರೆ ಬೇಗ ಬಿಡುತ್ತದೆ, ಆದರೆ ಹುಳಿ ಉಕ್ಕನ್ನೂ ತಿನ್ನುತ್ತದೆ, ದಯವಿಟ್ಟು ಯಾರೂ ಹಾಕಬೇಡಿ. ಮೂರನೇ ತೂತಿಗೆ ನಾಲ್ಕು ಸಂಜೆ ಹಿಡಿಯಿತು. ತಂತಿ ಇರಲಿಲ್ಲ. ಒಳ ಅಂಚಿನಲ್ಲಿ ಬಣ್ಣವೂ ಇರಲಿಲ್ಲ. ಕಾರ್ಖಾನೆಯ ತೂತಾಗಿದ್ದರೆ ಬಣ್ಣ ಬಳಿಯುವ ಮೊದಲೇ ಕೊರೆದಿರುತ್ತಾರೆ, ತೂತಿನ ಒಳಗೋಡೆಗೂ ಬಣ್ಣ ಹತ್ತಿರುತ್ತದೆ. ಅಲ್ಲಿಗೆ ದಕ್ಷಿಣ ಆಫ್ರಿಕಾದ ಆಸೆ ಅರ್ಧ ಹೋಯಿತು. ಆದರೆ ಮ್ಯಾಗ್ನೆಟ್ ಯಾಕೆ ವಾಲುತ್ತದೆ?

ನಿನ್ನೆ ಕೊಡಲಿ ಹಣಿಸಲು ಕಂಬಾರ ಕಾಕಾ ಹತ್ತಿರ ಹೋಗುವಾಗ ಶೆಲ್ ಚೀಲದಲ್ಲಿ ಹಾಕಿಕೊಂಡಿದ್ದೆ. ಕಾಕಾ ತೂತಿನ ಅಂಚಿಗೆ ಹೆಬ್ಬೆರಳು ಸವರಿ, "ಇದು ಡ್ರಿಲ್ ಕೆಲಸ ಅಲ್ರಿ ಸರ್. ಕಾಸಿ ಹೊಡ್ದಾರ. ತುಟಿ ಹೊರಗ ಬಂದದ ನೋಡ್ರಿ" ಅಂದರು. ನಿಜ. ಒಂದು ಕಡೆ ಲೋಹ ಹೂವಿನ ದಳದಂತೆ ಹೊರಳಿದೆ. "ಇದು ಕ್ರಷರ್ ದವಡಿ ಲೋಹ. ತಣ್ಣಗ ಕೊರ್ಯಾಕ ಹೋದ್ರ ಬಿಟ್ ಜಾರ್ತದ, ಕೊರದಷ್ಟೂ ಗಟ್ಟಿ ಆಗ್ತದ."

ಕಲ್ಲು ಒಡೆಯುವ ಕ್ರಷರ್‌ನ ದವಡೆ ತಯಾರಾಗುವುದೂ ಮ್ಯಾಂಗನೀಸ್ ಉಕ್ಕಿನಿಂದಲೇ! ಕಾಕಾ ಮೂಲೆಯಿಂದ ಸವೆದ ದವಡೆಯ ಚೂರು ತೆಗೆದರು. ದಾರದ ಮ್ಯಾಗ್ನೆಟ್ ಅಲುಗಲಿಲ್ಲ. ಕುಲುಮೆಯಲ್ಲಿ ಅದರ ಒಂದು ತುದಿ ಕೆಂಪಾಗುವ ತನಕ ಕಾಸಿ, ಹಾಗೇ ಆರಲು ಬಿಟ್ಟೆವು. ಚಹಾ ಮುಗಿಸಿ ಬಂದು ಹಿಡಿದರೆ, ಆ ತುದಿಯ ಹತ್ತಿರ ಮಾತ್ರ ಮ್ಯಾಗ್ನೆಟ್ ವಾಲಿತು! ಕಾಸಿದಾಗ ಮೇಲಿನ ಪದರದ ಕಾರ್ಬನ್, ಮ್ಯಾಂಗನೀಸ್ ಸುಟ್ಟು ಹೋಗಿ ಆ ಜಾಗ ಬೇರೆ ಉಕ್ಕೇ ಆಗಿಬಿಡುತ್ತದೆ. ನಾನು ಕಾಕಾ ಕೈ ಹಿಡಿದು ಕುಲುಕಿದೆ.

ಅಂದರೆ ತೂತು ಹಾಕಿದ್ದು ಯಾರೋ ಊರಿನ ಕಂಬಾರರು. ತೂತಿನ ಸುತ್ತ ಎರಡು ಬೆರಳಗಲದ ತುಕ್ಕಿನ ಪಟ್ಟಿ ಇದೆ. ಅಲ್ಲೊಂದು ಹಿಡಿ ಕೂರಿಸಿ, ಸುಣ್ಣ ಮೊಗೆಯುವ ದೊಡ್ಡ ಸೌಟು ಮಾಡಿಕೊಂಡಿದ್ದರು ಅಂತ ನನ್ನ ಲೆಕ್ಕ. ರಾತ್ರಿ ಅಂಚಿನ ಒಳಗಿನ ಸುಣ್ಣ ಪೂರ್ತಿ ಬಿಡಿಸಿದೆ. ಟಾರ್ಚ್ ಓರೆಯಾಗಿ ಹಿಡಿದಾಗ ಮುದ್ರೆ ಎದ್ದು ಬಂತು: ಬಿ.ಎಂ.ಬಿ., 1941. ಬ್ರಿಗ್ಸ್ ಮೋಟರ್ ಬಾಡೀಸ್, ಇಂಗ್ಲೆಂಡಿನ ಡ್ಯಾಗನಮ್‌ನಲ್ಲಿ ಕಾರಿನ ಬಾಡಿ ಮಾಡುತ್ತಿದ್ದ ಕಂಪನಿ. ಅಪರೂಪದ್ದಲ್ಲ, ಆದರೆ ಅಪ್ಪಟ. ನನಗೆ ಈಗ ಇದೇ ಜಾಸ್ತಿ ಇಷ್ಟ.

ಲೈನರ್ ವಿಷಯಕ್ಕೆ ಮಾತ್ರ ಹೊಟ್ಟೆ ಉರಿಯುತ್ತದೆ. "1941ರ ಒರಿಜಿನಲ್" ಅಂತ ಆನ್‌ಲೈನ್‌ನಲ್ಲಿ ಒಬ್ಬರು ಕಳಿಸಿದ್ದಕ್ಕೆ ಒದ್ದೆ ಹತ್ತಿ ಒತ್ತಿದರೆ ವರ್ಷದ ಶಾಯಿಯೇ ಹತ್ತಿಗೆ ಬಂತು. ರಬ್ಬರ್ ಹೊಸ ಚಪ್ಪಲಿ ವಾಸನೆ. ಎಂಬತ್ತು ವರ್ಷದ ರಬ್ಬರ್ ನಮ್ಮ ಬಿಸಿಲಿಗೆ ಹಪ್ಪಳ ಆಗಿರಬೇಕಿತ್ತು. ವಾಪಸ್ ತಗೊಳ್ಳಲ್ಲ ಅಂತಾರೆ.

ಅದರ ಜಗಳ ಮುಗಿಯುವ ತನಕ ಸಂಗ್ರಹದಲ್ಲಿರುವ ಹಳೇ ನೀರಿನ ಬಾಟಲಿ ಕೈಗೆತ್ತಿಕೊಳ್ಳುತ್ತೇನೆ. ಎನಾಮಲ್‌ದು, ಮೇಲೆ ಉಣ್ಣೆ ಬಟ್ಟೆ, ಬಿರಡೆ ಹೋಗಿದೆ. ಬಟ್ಟೆಗೆ ನುಸಿ ಹಿಡಿದಿದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಇಡಬೇಕು, ಅದಕ್ಕೆ ಮೊದಲು ಅಮ್ಮನ ಒಪ್ಪಿಗೆ ಬೇಕು.

ಶೆಲ್‌ನ ಗುಂಡಿಯೊಳಗೆ ಉಳಿದ ಸುಣ್ಣವನ್ನು ತೆಗೆಯುವುದಿಲ್ಲ. ಕಾಕಾಗೆ ಹೇಳಿ ಮೂರು ತೂತಿಗೆ ಹೊಂದುವ ಕಬ್ಬಿಣದ ಹಿಡಿ ಒಂದನ್ನು ಮಾಡಿಸುತ್ತಿದ್ದೇನೆ. ಜೋಡಿಸಲು ಅಲ್ಲ, ಪಕ್ಕದಲ್ಲಿ ಇಡಲು.