ಪೆಟ್ಟಿಗೆ ನಾಲ್ಕು, ಟ್ಯಾಗ್ ಐದು

ನಮ್ಮ ಪ್ರವಾಸದ ಹಡಗು ಹೊರಡುವುದು ಭಾನುವಾರ ಸಂಜೆ ಐದಕ್ಕೆ, ಎರಡು ವಿಮಾನ ಹಿಡಿದು ತಲುಪಬೇಕಾದ ಬಂದರಿನಿಂದ. ನಾವು ಮನೆ ಬಿಟ್ಟಿದ್ದು ಶನಿವಾರ ಬೆಳಗಿನ ಜಾವ ಎರಡೂ ಮುಕ್ಕಾಲಿಗೆ. ಈ ಒಂದು ದಿನದ ಅಂತರಕ್ಕಾಗಿ ನಮ್ಮನೆಯಲ್ಲಿ ಎರಡು ವಾರ ಜಗಳ ನಡೆದಿತ್ತು.

"ಇದೇ ವಿಮಾನ ಭಾನುವಾರವೂ ಇದೆಯಲ್ಲ. ಒಂದೂವರೆಗೆ ಇಳೀತೀವಿ, ಸುಮ್ಮನೆ ಒಂದು ರಾತ್ರಿ ಹೋಟೆಲ್ ದಂಡ ಯಾಕೆ?" ಅಂತ ನಮ್ಮನೆಯವರ ವಾದ. ಹಡಗು ಐದಕ್ಕೆ ಹೊರಡುತ್ತದೆ ಅಂದರೆ ಐದಕ್ಕೆ ಹೋಗಿ ಹತ್ತುವುದಲ್ಲ, ಒಂದು ಒಂದೂವರೆ ಗಂಟೆ ಮೊದಲೇ ಬಾಗಿಲು ಹಾಕಿಬಿಡುತ್ತಾರೆ ಅಂತ ನಾನು. ಬಸ್ಸು ತಪ್ಪಿದರೆ ಹಿಂದೆ ಇನ್ನೊಂದು ಬರುತ್ತದೆ. ಹಡಗು ತಪ್ಪಿದರೆ ಅದರ ಮುಂದಿನ ಬಂದರಿಗೆ ನಾವೇ ಕೈಯಿಂದ ಹಾಕಿಕೊಂಡು ಓಡಬೇಕು. ಕೊನೆಗೆ ಅತ್ತೆ "ಹೋಗ್ಲಿ ಬಿಡೋ, ಅವಳು ಹೇಳಿದ ಹಾಗೆ ಮಾಡು" ಅಂದದ್ದಕ್ಕೆ ಶನಿವಾರ ಗಟ್ಟಿಯಾಯಿತು.

ಇನ್ನೊಂದು ಜಗಳದಲ್ಲಿ ಮಾತ್ರ ನಾನು ಸೋತಿದ್ದೆ. ಎಲ್ಲರ ಬಟ್ಟೆಯನ್ನೂ ಎಲ್ಲ ಪೆಟ್ಟಿಗೆಗೂ ಹಂಚಿ ಇಡುವುದು ನನ್ನ ಪದ್ಧತಿ. ಒಂದು ಪೆಟ್ಟಿಗೆ ಕಳೆದುಹೋದರೂ ಯಾರೊಬ್ಬರೂ ಪೂರ್ತಿ ಬರಿಗೈ ಆಗಬಾರದು. ಅತ್ತೆಯ ಮಾತ್ರೆಗಳು, ಪಾಸ್‌ಪೋರ್ಟು, ಒಂದೊಂದು ಜೊತೆ ಬಟ್ಟೆ, ಮಕ್ಕಳ ಈಜುಡುಪು ಕೈಚೀಲದಲ್ಲಿ. ಈಜುಡುಪು ಯಾಕೆಂದರೆ, ಬಂದರಿನಲ್ಲಿ ಕೊಟ್ಟ ಪೆಟ್ಟಿಗೆಗಳು ಹಡಗಿನ ಕೋಣೆಗೆ ಬಂದು ಸೇರುವಾಗ ಕೆಲವು ಸಲ ಸಂಜೆಯೇ ಆಗಿರುತ್ತದೆ, ಅಲ್ಲಿಯವರೆಗೆ ಮಕ್ಕಳು ಕೊಳದ ದಂಡೆಯಲ್ಲಿ ಅಳುತ್ತಾ ಕೂರಬೇಕಾಗುತ್ತದೆ. "ನನ್ನ ಬಟ್ಟೆ ನಿನ್ನ ಕಲಸುಮೇಲೋಗರಕ್ಕೆ ಸೇರಿಸಬೇಡ" ಎಂದು ಇವರು ತಮ್ಮದೆಲ್ಲವನ್ನೂ ಒಂದೇ ನೀಲಿ ಪೆಟ್ಟಿಗೆಗೆ ತುಂಬಿಕೊಂಡರು. ಅದರಲ್ಲೊಂದು ಎಕ್ಸ್‌ಟೆನ್ಷನ್ ಬೋರ್ಡೂ ಇತ್ತು. ಬೆಂಕಿಯ ಭಯಕ್ಕೆ ಹಡಗಿನವರು ಅಂಥದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ ಅಂದೆ. "ನೋಡೋಣ" ಅಂದರು.

ಮೊದಲ ವಿಮಾನ ಐದೂ ನಲವತ್ತಕ್ಕೆ. ಭದ್ರತಾ ತಪಾಸಣೆಯಲ್ಲಿ ಮಗನ ಪವರ್ ಬ್ಯಾಂಕ್ ತಡೆದರು. ಕೈಚೀಲದಲ್ಲೇ ಇತ್ತು, ಆದರೆ ಮೇಲಿದ್ದ ಅಂಕಿ ಅರ್ಧ ಅಳಿಸಿತ್ತು. ಅದರ ಸಾಮರ್ಥ್ಯ 100 ವ್ಯಾಟ್-ಅವರ್ ಒಳಗಿದ್ದರೆ ತೊಂದರೆಯಿಲ್ಲ, ಅದು ಗೊತ್ತಾಗುವುದು ಹೇಗೆ? ಹನ್ನೊಂದು ವರ್ಷದ ಹುಡುಗ ಅಲ್ಲೇ ನಿಂತು "20,000 ಎಂಎಎಚ್, 3.7 ವೋಲ್ಟ್, ಗುಣಿಸಿ ಸಾವಿರದಿಂದ ಭಾಗಿಸಿದರೆ 74" ಅಂದ. ಅಧಿಕಾರಿ ಅವನನ್ನೊಮ್ಮೆ, ಅದನ್ನೊಮ್ಮೆ ನೋಡಿ ಬಿಟ್ಟರು. ಗಣಿತದ ಪರೀಕ್ಷೆಯಲ್ಲಿ ಈ ಚುರುಕು ಎಲ್ಲಿ ಹೋಗಿರುತ್ತದೋ.

ವಿಮಾನ ಹತ್ತಿ ಬೆಲ್ಟ್ ಕಟ್ಟಿಕೊಂಡೆವು. ಅದು ಹೊರಡಲಿಲ್ಲ. ಏನೋ ತಾಂತ್ರಿಕ ದೋಷ, ಹದಿನೈದು ನಿಮಿಷ ಅಂದರು. ಆಮೇಲೆ ಇನ್ನೂ ಹದಿನೈದು. ಹೀಗೆ ಹದಿನೈದು ಹದಿನೈದಾಗಿ ಎರಡೂವರೆ ಗಂಟೆ ಕಳೆಯಿತು. ಆ ಹೊತ್ತಿನಲ್ಲಿ ಮಗ ಅಜ್ಜಿಗೆ ಹಡಗುಗಳ ಬಗ್ಗೆ ಪಾಠ ಶುರುಮಾಡಿದ. ಹಡಗಿನ ಪ್ರವಾಸಕ್ಕೆ ಹೊರಟವರಿಗೆ ಹೇಳುವಂಥ ಪಾಠವೇ ಅದು?

"ಅಜ್ಜಿ, ಟೈಟಾನಿಕ್ ಮುಳುಗಿದ್ದು 1912ರಲ್ಲಿ. ಎಲ್ಲರಿಗೂ ಸಾಕಾಗೋಷ್ಟು ದೋಣಿನೇ ಇರ್ಲಿಲ್ಲ. ಆಮೇಲೆ 1914ರಲ್ಲಿ ಹಲವು ದೇಶದವರು ಸೇರಿ ನಿಯಮ ಮಾಡಿದ್ರು."

"ಈಗ ಸಾಕಾಗೋಷ್ಟು ಇರುತ್ತೋ?"

"ಇರುತ್ತೆ. ಆದ್ರೂ 2012ರಲ್ಲಿ ಇಟಲಿ ಹತ್ರ ಕೋಸ್ಟಾ ಕಾಂಕಾರ್ಡಿಯಾ ಅನ್ನೋ ಹಡಗು ಬಂಡೆಗೆ ಹೊಡೀತು. ಆವತ್ತು ಹತ್ತಿದವರಿಗೆ ಹೆಂಗೆ ತಪ್ಪಿಸ್ಕೋಬೇಕು ಅಂತ ಇನ್ನೂ ಹೇಳ್ಕೊಟ್ಟೇ ಇರ್ಲಿಲ್ಲ."

ಮುಂದಿನ ಸಾಲಿನವರು ಹಿಂತಿರುಗಿ ನೋಡಿದರು. ನಾನು ಕಣ್ಣು ಬಿಟ್ಟೆ. ಅವನು ಗಡಿಬಿಡಿಯಲ್ಲಿ, "ಅದಕ್ಕೇ ಈಗ ಹಡಗು ಹೊರಡೋಕೆ ಮುಂಚೆನೇ ಅಭ್ಯಾಸ ಮಾಡಿಸ್ತಾರೆ, ಅಜ್ಜಿ" ಎಂದು ಸೇರಿಸಿದ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಇದು ಮೇಲಕ್ಕೆ ಏಳಲಿ" ಅಂದರು.

ಇಳಿದಾಗ ಹನ್ನೆರಡೂ ಹತ್ತು. ಮುಂದಿನ ವಿಮಾನ ಹನ್ನೊಂದೂ ಐವತ್ತಕ್ಕೇ ಹೋಗಿಯಾಗಿತ್ತು. ಇಳಿಯುವಾಗ ಮಗಳು ಕಿವಿ ಹಿಡಿದುಕೊಂಡು ಚೀರಿದ್ದು ಬೇರೆ. ಅದು ನನ್ನದೇ ತಪ್ಪು. ನಾಲ್ಕು ವರ್ಷದ ಮಗು ಹೇಗೂ ಮಲಗಿದೆಯಲ್ಲ ಎಂದು ಬಿಟ್ಟಿದ್ದೆ. ನಿದ್ದೆಯಲ್ಲಿ ಉಗುಳು ನುಂಗುವುದು ಕಡಿಮೆ. ನುಂಗದಿದ್ದರೆ ಕಿವಿಯ ಒಳಗಿನ ಒತ್ತಡ ಹೊರಗಿನದಕ್ಕೆ ಹೊಂದಿಕೊಳ್ಳುವುದಿಲ್ಲ. ವಿಮಾನ ಕೆಳಗಿಳಿಯಲು ಶುರುಮಾಡುವಾಗಲೇ ಎಬ್ಬಿಸಿ ಗುಟುಕು ಗುಟುಕಾಗಿ ನೀರು ಕುಡಿಸಬೇಕಿತ್ತು. ಎರಡನೇ ವಿಮಾನದಲ್ಲಿ ಹಾಗೇ ಮಾಡಿದೆ, ತುಟಿಪಿಟಕ್ ಅನ್ನಲಿಲ್ಲ.

ಆ ಎರಡನೇ ವಿಮಾನ ಸಿಕ್ಕಿದ್ದು ರಾತ್ರಿ ಎಂಟಕ್ಕೆ. ನಡುವಿನ ಎಂಟು ಗಂಟೆಯ ಬಗ್ಗೆ ಬರೆಯುವಂಥದ್ದು ಹೆಚ್ಚೇನಿಲ್ಲ. ಚಾರ್ಜಿಂಗ್ ಪಾಯಿಂಟ್ ಹುಡುಕಿದೆವು, ಶೌಚಾಲಯ ಹುಡುಕಿದೆವು, ಮಗಳ ಒಂದು ಚಪ್ಪಲಿ ಹುಡುಕಿದೆವು. ಅತ್ತೆಯ ವೀಲ್‌ಚೇರ್ ಕಥೆಯೊಂದನ್ನು ಬಿಡುವ ಹಾಗಿಲ್ಲ. ಬೆಳಗ್ಗೆ ಕೇಳಿದಾಗ "ನನಗೇನಾಗಿದೆ? ಅದು ಕೈಲಾಗದವರಿಗೆ" ಎಂದು ಸಿಡುಕಿದ್ದರು. ಇಲ್ಲಿ ಗೇಟು ಮೂರು ಸಲ ಬದಲಾಯಿತು, ಒಂದೊಂದೂ ಒಂದೊಂದು ಮೂಲೆ. ಮೂರನೇ ಸಲ ಅವರೇ ಮೆಲ್ಲಗೆ, "ಆ ಕುರ್ಚಿ ಈಗ ಕೇಳಿದ್ರೆ ಕೊಡ್ತಾರೇನಮ್ಮಾ?" ಅಂದರು. ಕೊಟ್ಟರು. ಉದ್ದದ ಸಾಲಿನ ಪಕ್ಕದಿಂದ ಅವರನ್ನು ತಳ್ಳಿಕೊಂಡು ಹೋಗುವಾಗ ಬಾಲದ ಹಾಗೆ ನಮ್ಮನ್ನೂ ಒಳಗೆ ಬಿಟ್ಟರು. ಅತ್ತೆ ಕೂತಲ್ಲಿಂದಲೇ ಸಾಲಿನ ಕಡೆ ನೋಡಿದ ಆ ಗತ್ತು!

ರಾತ್ರಿ ಒಂಬತ್ತೂ ನಲವತ್ತಕ್ಕೆ ಇಳಿದೆವು. ಭಾನುವಾರ ಹೀಗಾಗಿದ್ದರೆ ಹಡಗು ಹೋಗಿ ಹೆಚ್ಚುಕಡಿಮೆ ನಾಲ್ಕೂಮುಕ್ಕಾಲು ಗಂಟೆ ಆಗಿರುತ್ತಿತ್ತು. ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಬೆಲ್ಟಿನ ಮೇಲೆ ಪೆಟ್ಟಿಗೆಗಳು ಬಂದವು. ಒಂದು, ಎರಡು, ಮೂರು, ನಾಲ್ಕು. ಬೆಲ್ಟ್ ನಿಂತಿತು.

ನೀಲಿ ಪೆಟ್ಟಿಗೆ ಬರಲಿಲ್ಲ.

ಇವರು ಖಾಲಿ ಬೆಲ್ಟನ್ನೇ ನೋಡುತ್ತಾ ನಿಂತಿದ್ದರು. ಆಗಲೂ ನಾನು ಏನೂ ಅನ್ನಲಿಲ್ಲ. ಇದನ್ನು ದಯವಿಟ್ಟು ಯಾರಾದರೂ ಎಲ್ಲಾದರೂ ಬರೆದಿಟ್ಟುಕೊಳ್ಳಿ. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ್ದ ಹತ್ತಂಕಿಯ ಬ್ಯಾಗೇಜ್ ಚೀಟಿಯನ್ನು ನನ್ನ ಫೈಲಿನಿಂದ ತೆಗೆದುಕೊಟ್ಟೆ. ಹೊರಗೆ ಹೋಗುವ ಮೊದಲೇ ದೂರು ಬರೆಸಬೇಕು, ಆಮೇಲೆ ಬಂದು ಕೇಳಿದರೆ ರಗಳೆ. ಕೌಂಟರಿನ ಹುಡುಗಿ ಬಣ್ಣ, ಚಕ್ರ, ಅಳತೆ ಎಲ್ಲ ಬರೆದುಕೊಂಡು ಕೇಳಿದಳು:

"ನಾಳೆ ಯಾವ ವಿಳಾಸದಲ್ಲಿರ್ತೀರಿ?"

"ಸಮುದ್ರದಲ್ಲಿ," ಅಂದರು ಇವರು.

ಹೋಟೆಲ್ ಸೇರಿದಾಗ ಹನ್ನೊಂದೂ ನಲವತ್ತು. ಮಕ್ಕಳು ಶೂ ಸಮೇತ ಮಲಗಿದರು. ನಾನು ಸ್ವಾಗತದ ಮೇಜಿನಿಂದ ಸ್ಟೇಪ್ಲರ್ ಕೇಳಿ ತಂದು, ಮನೆಯಲ್ಲೇ ಮುದ್ರಿಸಿಕೊಂಡಿದ್ದ ಹಡಗಿನ ಟ್ಯಾಗುಗಳನ್ನು ಮಡಚಿ ಪೆಟ್ಟಿಗೆಗಳ ಹಿಡಿಗೆ ಸುತ್ತಿ ಪಿನ್ ಹೊಡೆದೆ. ಕೋಣೆಯ ಸಂಖ್ಯೆ, ಹೆಸರು, ಹೊರಡುವ ದಿನ. ನಾಲ್ಕು ಮುಗಿಯಿತು. ಐದನೆಯದು ಕೈಯಲ್ಲಿ ಉಳಿಯಿತು. ಅದನ್ನು ಫೈಲಿಗೆ ಸೇರಿಸುವುದೋ ಕಸಕ್ಕೆ ಹಾಕುವುದೋ ತಿಳಿಯದೆ ಮೇಜಿನ ಮೇಲಿಟ್ಟು ಮಲಗಿದೆ.

ಬೆಳಗ್ಗೆ ಆರಕ್ಕೆ ಫೋನ್ ಬಂತು. ನೀಲಿ ಪೆಟ್ಟಿಗೆ ರಾತ್ರಿಯ ಕೊನೆಯ ವಿಮಾನದಲ್ಲಿ ಬಂದಿದೆ, ಮಧ್ಯಾಹ್ನ ಎರಡರೊಳಗೆ ಹೋಟೆಲಿಗೆ ತಲುಪಿಸುತ್ತೇವೆ, ಇಲ್ಲವೇ ನೀವೇ ಬಂದು ಒಯ್ಯಬಹುದು. ನಮಗೆ ಹಡಗು ಹತ್ತಲು ಕೊಟ್ಟಿದ್ದ ಹೊತ್ತು ಹನ್ನೆರಡೂವರೆ.

ನಾನು ಹೇಳುವುದಕ್ಕೆ ಮೊದಲೇ ಇವರು ನಿನ್ನೆಯ ಅದೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಬಾಗಿಲವರೆಗೆ ಹೋದವರು ತಿರುಗಿ ಬಂದು ಮೇಜಿನ ಮೇಲಿದ್ದ ಟ್ಯಾಗನ್ನು ಜೇಬಿಗಿಟ್ಟುಕೊಂಡರು.

"ಸ್ಟೇಪ್ಲರ್ ಎಲ್ಲೇ?"